ಮೇಳಘಾಟದ ಮಳೆಗಾಲ: ಸರ್ಕಾರದ ಹೊಣೆ, ಸಮಾಜದ ಧರ್ಮ

ಆಷಾಢದಿಂದ ಕಾರ್ತಿಕದವರೆಗಿನ ನಾಲ್ಕು ತಿಂಗಳು ಜೈನ ಸಮಾಜಕ್ಕೆ ಚಾತುರ್ಮಾಸದ ಪುಣ್ಯಕಾಲ. ಮುನಿಗಳು ಒಂದೆಡೆ ನೆಲೆ ನಿಲ್ಲುತ್ತಾರೆ. ಸ್ವಾಧ್ಯಾಯ, ಉಪವಾಸ, ದಾನಗಳಲ್ಲಿ ಶ್ರಾವಕರು ತೊಡಗುತ್ತಾರೆ. ಅದೇ ತಿಂಗಳುಗಳಲ್ಲಿ ಮಹಾರಾಷ್ಟ್ರದ ಅಮರಾವತಿ ಜಿಲ್ಲೆಯ ಸಾತ್ಪುರ ಬೆಟ್ಟಗಳ ನಡುವೆ, ಮೇಳಘಾಟದಲ್ಲಿ, ಕೊರ್ಕು ಆದಿವಾಸಿಗಳ ಹಸುಗೂಸುಗಳು ಅಪೌಷ್ಟಿಕತೆಗೂ ರೋಗಗಳಿಗೂ ಬಲಿಯಾಗುತ್ತಿವೆ. ಒಂದೆಡೆ ವ್ರತವಾಗಿ ಕೈಗೊಂಡ ಉಪವಾಸ, ಇನ್ನೊಂದೆಡೆ ಯಾರೂ ಬಯಸದ ಹಸಿವು.

ಮೇಳಘಾಟ ದೂರದ ಹೆಸರಲ್ಲ. ಮುಕ್ತಾಗಿರಿ ಸಿದ್ಧಕ್ಷೇತ್ರದ ದರ್ಶನಕ್ಕೆ ಮಹಾರಾಷ್ಟ್ರದ ಕಡೆಯಿಂದ ಹೋಗುವ ಯಾತ್ರಿಕರಿಗೆ ಪರತವಾಡಾ ಪಟ್ಟಣ ಪರಿಚಿತ. ಅಲ್ಲಿಂದಲೇ ಮತ್ತೊಂದು ದಾರಿ ಘಟ್ಟವನ್ನೇರಿ ಚಿಖಲದರಾ, ಧಾರಣಿ ತಾಲ್ಲೂಕುಗಳ ಹಾಡಿಗಳನ್ನು ಸೇರುತ್ತದೆ. ಯಾತ್ರೆಯ ಬಸ್ಸುಗಳು ಆ ದಾರಿ ಹಿಡಿಯುವುದಿಲ್ಲ.

ಇಲ್ಲಿನ ಶಿಶುಮರಣಗಳು ದೇಶದ ಗಮನ ಸೆಳೆದದ್ದು 1990ರ ದಶಕದಲ್ಲಿ. ಬಾಂಬೆ ಉಚ್ಚ ನ್ಯಾಯಾಲಯ ಎರಡು ದಶಕಗಳಿಂದ ಆದೇಶಗಳನ್ನು ನೀಡುತ್ತಲೇ ಬಂದಿದೆ. 2025ರ ನವೆಂಬರಿನಲ್ಲಿ, ಜೂನ್ ತಿಂಗಳಿಂದ ಈಚೆಗೆ 65 ಶಿಶುಗಳು ಅಪೌಷ್ಟಿಕತೆಯಿಂದ ಸತ್ತ ವಿಷಯ ಅದರ ಮುಂದೆ ಬಂದಾಗ, ಸರ್ಕಾರದ ಉದಾಸೀನವನ್ನು ನ್ಯಾಯಪೀಠ ಕಟುವಾಗಿ ಟೀಕಿಸಿತು. ಯೋಜನೆಗಳಿಗೆ ಕೊರತೆಯಿಲ್ಲ. 2015ರಲ್ಲಿ ಅಬ್ದುಲ್ ಕಲಾಂ ಅಮೃತ ಆಹಾರ ಯೋಜನೆ ಬಂತು. ಅದಕ್ಕೆ ಮೊದಲೂ ಅನಂತರವೂ ಹಲವು ಬಂದವು. ಕೊರತೆಯಿರುವುದು ಸಕಾಲದಲ್ಲಿ ತಲುಪುವ ಕಾರ್ಯದಲ್ಲಿ.

ಏಕೆಂದರೆ ಈ ಸಾವುಗಳಿಗೆ ಒಂದು ಪಂಚಾಂಗವಿದೆ. ಹೋಳಿ ಹಬ್ಬ ಮುಗಿಯುತ್ತಲೇ ಅನೇಕ ಕುಟುಂಬಗಳು ಕೂಲಿ ಅರಸಿ ಬಯಲುಸೀಮೆಗೆ ಇಳಿಯುತ್ತವೆ. ಅಂಗನವಾಡಿಯ ಆಹಾರವೂ ಗರ್ಭಿಣಿಯರ ತಪಾಸಣೆಯೂ ಅಲ್ಲಿಗೆ ಕಡಿದುಹೋಗುತ್ತವೆ. ಮೃಗಶಿರಾ ಮಳೆಗೆ ಅವರು ಮರಳುವಾಗ ಹಗೇವಿನಲ್ಲಿ ಧಾನ್ಯವಿರುವುದಿಲ್ಲ, ಹೊಸ ಬೆಳೆಗೆ ತಿಂಗಳುಗಳು ಬೇಕು. ಅಷ್ಟರಲ್ಲಿ ಹಳ್ಳಗಳು ತುಂಬಿ ರಸ್ತೆಗಳು ಮುಚ್ಚುತ್ತವೆ, ನೀರು ಕಲುಷಿತವಾಗುತ್ತದೆ. 2022ರ ಜುಲೈನಲ್ಲಿ ಚಿಖಲದರಾ ತಾಲ್ಲೂಕಿನ ಪಾಚಡೋಂಗ್ರಿ, ಕೋಯ್ಲಾರಿ ಗ್ರಾಮಗಳಲ್ಲಿ ತೆರೆದ ಬಾವಿಯ ನೀರು ಕುಡಿದು ಹಲವರು ವಾಂತಿಭೇದಿಗೆ ತುತ್ತಾದರು, ಕೆಲವರು ಮಡಿದರು. ಬಾಕಿ ಬಿಲ್ಲಿನ ಕಾರಣಕ್ಕೆ ವಿದ್ಯುತ್ ಕಡಿತಗೊಂಡು ನಲ್ಲಿ ನೀರು ನಿಂತಿದ್ದೇ ಅವರು ಬಾವಿಗೆ ಹೋಗಲು ಕಾರಣ. ಮೂಲದಲ್ಲಿದ್ದದ್ದು ಕಚೇರಿಯ ಒಂದು ಲೆಕ್ಕ.

ಬರುವ ದಿನ ಗೊತ್ತಿರುವ ವಿಪತ್ತನ್ನು ಆಕಸ್ಮಿಕವೆನ್ನಲಾಗದು. ಆದ್ದರಿಂದ ಸರ್ಕಾರ ಮಾಡಬೇಕಾದುದು ಮುಂಗಾರಿಗೆ ಮುನ್ನವೇ ಮುಗಿಯಬೇಕು. ಮಳೆಗಾಲದಲ್ಲಿ ಹೆರಿಗೆಯಾಗಲಿರುವವರ ಪಟ್ಟಿ ಮೇ ತಿಂಗಳೊಳಗೆ ಸಿದ್ಧವಾಗಿ, ಆಸ್ಪತ್ರೆಯ ಸಮೀಪ ಅವರಿಗೂ ಜೊತೆಗಿರುವವರಿಗೂ ವಸತಿ, ಊಟ ಏರ್ಪಡಬೇಕು. ಧಾರಣಿಯ ಉಪಜಿಲ್ಲಾ ಆಸ್ಪತ್ರೆಯಲ್ಲಿ ಪ್ರಸೂತಿ ತಜ್ಞರೂ ಮಕ್ಕಳ ತಜ್ಞರೂ ನಾಲ್ಕು ತಿಂಗಳೂ ಇರಬೇಕು. ಅವರಿಗೆ ಹೆಚ್ಚಿನ ವೇತನ, ವಾಸಯೋಗ್ಯ ಮನೆ ಸಿಗಬೇಕು. ಗುಡ್ಡಗಾಡಿನಲ್ಲಿ 20,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬ ಸರ್ಕಾರಿ ಮಾನದಂಡವನ್ನು ದಾರಿಯ ದೂರಕ್ಕೆ ತಕ್ಕಂತೆ ಸಡಿಲಿಸಬೇಕು. ಕುಡಿಯುವ ನೀರಿನ ಪಂಪಿಗೆ ಯಾವ ಬಾಕಿಯ ಕಾರಣಕ್ಕೂ ವಿದ್ಯುತ್ ನಿಲ್ಲಬಾರದು. ವಲಸೆ ಹೋದ ತಾಯಿಗೆ ಹೋದಲ್ಲಿಯೇ ಅಂಗನವಾಡಿಯ ಆಹಾರ ದೊರೆಯಬೇಕು.

ಆದಿವಾಸಿಗಳು ಆಸ್ಪತ್ರೆಗೆ ಬರುವುದಿಲ್ಲ, ಭೂಮಕನ ಬಳಿಗೆ ಹೋಗಿ ಕೂಸಿನ ಹೊಟ್ಟೆಗೆ ಬರೆ ಹಾಕಿಸುತ್ತಾರೆ ಎಂಬ ಆಕ್ಷೇಪ ಹಳೆಯದು. ಬರೆ ಹಾಕುವ ಪದ್ಧತಿ ಇರುವುದು ನಿಜ, ಅದು ಕ್ರೂರವೂ ಹೌದು. ಆದರೆ ಕೊರ್ಕು ಭಾಷೆ ಮರಾಠಿಯಲ್ಲ. ಅದು ಮುಂಡಾ ಬಳಗದ್ದು. ತನ್ನ ನೋವನ್ನು ತನ್ನ ಮಾತಿನಲ್ಲಿ ಕೇಳುವವರೇ ಇಲ್ಲದ ಕಟ್ಟಡದತ್ತ ತಾಯಿ ಏಕೆ ಹೋದಾಳು? ಬೈರಾಗಡದಲ್ಲಿ ದಶಕಗಳ ಕಾಲ ನೆಲೆಸಿ ಸೇವೆ ಸಲ್ಲಿಸಿದ ರವೀಂದ್ರ ಮತ್ತು ಸ್ಮಿತಾ ಕೋಲ್ಹೆ ವೈದ್ಯ ದಂಪತಿಯನ್ನು ಜನ ನಂಬಿದರು. ಅವರಿಗೆ 2019ರಲ್ಲಿ ಪದ್ಮಶ್ರೀ ನೀಡಿದ ಸರ್ಕಾರ, ಅವರ ಕಾರ್ಯದಿಂದ ಪಾಠವನ್ನೂ ಕಲಿಯಬೇಕಿತ್ತು. ಕೊರ್ಕು ಯುವತಿಯರನ್ನೇ ದಾದಿಯರನ್ನಾಗಿ ತರಬೇತುಗೊಳಿಸುವುದು ಅಸಾಧ್ಯವೇನಲ್ಲ.

ಇನ್ನು ಜೈನ ಸಮಾಜದ ಮಾತು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲೆರಡು ಮೇಳಘಾಟಕ್ಕೆ ನೇರವಾಗಿ ಸಲ್ಲುತ್ತವೆ. ಆದರೆ ವರ್ಷಕ್ಕೊಮ್ಮೆ ಕಂಬಳಿ, ಬಿಸ್ಕತ್ತು ಹಂಚಿ ಛಾಯಾಚಿತ್ರ ತೆಗೆಸಿಕೊಂಡರೆ ದಾನ ಪೂರ್ಣವಾಗದು. ಮುಂಬಯಿ, ಪುಣೆಗಳ ಜೈನ ಸಂಸ್ಥೆಗಳ ಮಾತಿಗೆ ಸಚಿವಾಲಯದಲ್ಲಿ ಬೆಲೆಯಿದೆ. ತೀರ್ಥಕ್ಷೇತ್ರಗಳ ರಕ್ಷಣೆಗಾಗಿ ಬೀದಿಗಿಳಿಯಬಲ್ಲ ಸಮಾಜ, ಖಾಲಿಯಿರುವ ವೈದ್ಯರ ಹುದ್ದೆಗಳಿಗಾಗಿ ಒಂದು ಮನವಿಯನ್ನಾದರೂ ಸಲ್ಲಿಸಲಾರದೇ?

ಅಪ್ರಿಯವಾದ ಇನ್ನೊಂದು ಮಾತೂ ಇದೆ. 2021ರಲ್ಲಿ ಕರ್ನಾಟಕದ ಹಿಂದುಳಿದ ಜಿಲ್ಲೆಗಳ ಶಾಲಾಮಕ್ಕಳಿಗೆ ಮೊಟ್ಟೆ ನೀಡಹೊರಟಾಗ ಧರ್ಮದ ಹೆಸರಿನಲ್ಲಿ ವಿರೋಧ ಎದ್ದಿತ್ತು. ಶ್ರಾವಕನ ವ್ರತ ಅದನ್ನು ಕೈಗೊಂಡವನನ್ನು ಕಟ್ಟುತ್ತದೆ. ಕೊರ್ಕು ಮಗುವಿನ ತಟ್ಟೆಗೆ ಅದು ಶಾಸನವಾಗದು. ಮೊಟ್ಟೆ ಬೇಡವೆನ್ನುವವರು ಹಾಲು, ಬೇಳೆ, ಶೇಂಗಾ ಪ್ರತಿದಿನವೂ ತಲುಪುವಂತೆ ಮೊದಲು ಸರ್ಕಾರವನ್ನು ಒತ್ತಾಯಿಸಲಿ. ಅಲ್ಲಿಯವರೆಗೆ ಆ ತಟ್ಟೆಯಿಂದ ಏನನ್ನೂ ಕಸಿಯದಿರಲಿ. ಹಸಿದ ಜೀವವನ್ನು ಕಡೆಗಣಿಸುವ ಅಹಿಂಸೆ ಬರಿಯ ಆಚಾರವಾಗಿ ಉಳಿಯುತ್ತದೆ.

ಮುಂದಿನ ಚಾತುರ್ಮಾಸದ ಸಮಿತಿಗಳು ಪೆಂಡಾಲಿನ ಲೆಕ್ಕ ಹಾಕುವ ದಿನಗಳಲ್ಲಿಯೇ ಮೇಳಘಾಟದ ಮನವಿಯನ್ನೂ ಸಿದ್ಧಪಡಿಸಲಿ. ಮಳೆ ಬಂದ ಮೇಲೆ ಕಾಗದ ಘಟ್ಟ ಹತ್ತುವುದು ಕಷ್ಟ.