ಹಳೆಯ ಕಿಟಕಿಯ ಮರ, ಏಳು ಮಿಲಿಮೀಟರಿನ ತೂತು



ಕೈಕೆಲಸದ ಬಗ್ಗೆ ಬರೆಯುವಾಗ ಚೆನ್ನಾಗಿ ಆದ ಕೆಲಸವನ್ನೇ ಹೇಳುವುದು ವಾಡಿಕೆ. ಈ ಸಲ ನಾವು ಹಾಳು ಮಾಡಿದ ಒಂದು ಮರದ ತುಂಡಿನಿಂದ ಪ್ರಾರಂಭಿಸುತ್ತೇವೆ.

ಕಾಸರಗೋಡು ಜಿಲ್ಲೆಯ ನಮ್ಮ ಹಿರಿಯರ ಮನೆಯನ್ನು ಮಳೆಗಾಲಕ್ಕೆ ಮೊದಲು ಕೆಡವಿದೆವು. ಹೆಂಚು ಮಾರಿಯಾಯಿತು. ಕೆಂಪುಕಲ್ಲು ಹೊಸ ಗೋಡೆಗೆ ಹೋಯಿತು. ಪಕ್ಕಾಸು, ರೀಪುಗಳಲ್ಲಿ ಹೆಚ್ಚಿನವು ಗೆದ್ದಲಿನ ಪಾಲು. ಉಳಿದದ್ದು ಅಡುಗೆಮನೆಯ ಕಿಟಕಿಯ ಹಲಸಿನ ದಾರಂದದ ಒಂದು ತುಂಡು ಮಾತ್ರ. ಆ ಮನೆಯಲ್ಲಿ ಹುಟ್ಟಿ ಬೆಳೆದವರು ಐವರು. ಪಾಲಿನ ಮಾತು ಬಂದ ಮೇಲೆ ದೊಡ್ಡಣ್ಣ ಎರಡು ವರ್ಷ ಈ ಕಡೆ ಬಂದಿರಲಿಲ್ಲ. ಐವರಿಗೂ ಆ ಮರದಿಂದ ಒಂದೊಂದು ಪೆನ್ನು ಮಾಡಿಕೊಡೋಣ ಎಂದು ನಾವು ಯೋಚಿಸಿದೆವು. ಹುಳ ತಿಂದದ್ದನ್ನು, ಬಿರುಕು ಬಿಟ್ಟದ್ದನ್ನು ಕೊಯ್ದು ತೆಗೆದಾಗ ಸಿಕ್ಕಿದ್ದು ಆರು ಪೆನ್ನಿಗೆ ಆಗುವಷ್ಟು ಮರ. ಅಂದರೆ ಒಂದು ಹಾಳಾಗಬಹುದು, ಎರಡನೆಯದು ಹಾಳಾಗುವಂತಿಲ್ಲ.

ಮೊದಲನೆಯದು ಮೊದಲ ದಿನವೇ ಹಾಳಾಯಿತು. ಬೈರಿಗೆ ಹೊರಬರುವ ಕಡೆ ಮರ ಸೀಳಿತು. ಒಳಹೊಕ್ಕ ಕಡೆ ತೂತಿನ ಬಾಯಿ ಅಗಲವಾಗಿ ಹಿತ್ತಾಳೆ ಕೊಳವೆ ಲೊಡಲೊಡ ಅಲುಗಾಡುತ್ತಿತ್ತು. ಊರಿನ ಹಿರಿಯ ಆಚಾರಿಯವರಿಗೆ ಅದನ್ನು ತೋರಿಸಿದೆವು. "ನಿಮ್ಮ ಕೈ ಮುಂದೆ ಹೋಗಿದೆ, ಕಣ್ಣು ಹಿಂದೆ ಉಳಿದಿದೆ ಮಾರಾಯ್ರೆ" ಎಂದರು. ಮುಂದಿನ ಒಂದು ವಾರ ನಾವು ಬೇಡದ ಮರದಲ್ಲಿ ತೂತು ಕೊರೆಯುವುದನ್ನೇ ಕಲಿತೆವು.

ತೂತು ಇಷ್ಟು ನಿಖರ ಯಾಕಿರಬೇಕು? ತೆಳ್ಳಗಿನ ಸಾಮಾನ್ಯ ಪೆನ್ನಿನಲ್ಲಿ ಎರಡು ಹಿತ್ತಾಳೆ ಕೊಳವೆಗಳಿರುತ್ತವೆ. ಒಂದೊಂದೂ 7 ಮಿ.ಮೀ. ದಪ್ಪ, ಸುಮಾರು 53 ಮಿ.ಮೀ. ಉದ್ದ. ಅವುಗಳ ಮೇಲೆ ಮರವನ್ನು ಅಂಟಿಸಿ ಕಡೆಯುತ್ತೇವೆ. ಕಡೆದು ಮುಗಿದಾಗ ತುದಿಗಳಲ್ಲಿ ಉಳಿಯುವ ಮರದ ದಪ್ಪ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು, ಅಷ್ಟೇ. ಅಂಗಡಿಯಲ್ಲಿ ಸಿಗುವ ತುಂಡುಗಳು 19 ಮಿ.ಮೀ. ಚೌಕದವು. ತೂತು ಸ್ವಲ್ಪ ಓರೆಯಾದರೂ ಅವು ತಡೆದುಕೊಳ್ಳುತ್ತವೆ. ನಮ್ಮ ಕಿಟಕಿಯ ಮರ ಕೆತ್ತಿ ಶುಚಿಮಾಡಿದ ಮೇಲೆ 15 ಮಿ.ಮೀ.ಗೆ ಇಳಿದಿತ್ತು. ತೂತು ಓರೆಯಾದರೆ ಒಂದು ಬದಿಯಲ್ಲಿ ಹಿತ್ತಾಳೆಯೇ ಕಾಣಿಸಿಕೊಳ್ಳುತ್ತಿತ್ತು.

ಹಳೆಯ ಮರವಾದರೆ ಮೊದಲು ಅಯಸ್ಕಾಂತ ಹಿಡಿದು ನೋಡಿ. ಒಳಗೆ ಮುರಿದ ಮೊಳೆ ಇದ್ದರೆ ಬೈರಿಗೆಯೂ ಹೋಯಿತು, ಮರವೂ ಹೋಯಿತು. ನಮಗೆ ಎರಡು ಸಿಕ್ಕಿದವು. ಆಮೇಲೆ ಮರದ ಮೇಲೆ ಉದ್ದಕ್ಕೆ ಒಂದು ಪೆನ್ಸಿಲ್ ಗೆರೆ ಎಳೆದು, ಎರಡು ತುಂಡು ಮಾಡಿ. ಎರಡೂ ಭಾಗಗಳ ಗೆರೆ ಕೂಡಿದರೆ ಮರದ ನಾರು ಪೆನ್ನಿನಲ್ಲಿಯೂ ಕೂಡುತ್ತದೆ. ಪ್ರತಿ ತುಂಡು ಕೊಳವೆಗಿಂತ 6 ಮಿ.ಮೀ.ನಷ್ಟು ಉದ್ದವಿರಲಿ. ತುದಿಗಳನ್ನು ಸರಿ ಕೋನದಲ್ಲಿ ಕೊಯ್ಯಿರಿ. ಓರೆಯಾದ ಮುಖದ ಮೇಲೆ ಬೈರಿಗೆ ಜಾರುತ್ತದೆ.

ಲೇತ್‌ನಲ್ಲಿ ತುಂಡನ್ನು ನಾಲ್ಕು ದವಡೆಯ ಚಕ್ ಹಿಡಿಯುತ್ತದೆ, ತಿರುಗುವುದು ಮರ. ಬೈರಿಗೆ ಹಿಂಬದಿಯ ಸ್ಟಾಕ್‌ನಲ್ಲಿ ಅಲುಗಾಡದೆ ನಿಂತಿರುತ್ತದೆ. ಮರ ತಿರುಗಿ ಬೈರಿಗೆ ನಿಂತಿರುವಾಗ ತೂತು ನಟ್ಟನಡುವೆ ಉಳಿಯುವ ಸಾಧ್ಯತೆ ಹೆಚ್ಚು. ಆದರೆ ಮೊದಲು ಎರಡೂ ಬದಿಗೆ ಮೊನೆಗಳನ್ನು ಹಾಕಿ, ಹಿಂಬದಿ ಸ್ಟಾಕನ್ನು ಮುಂದಕ್ಕೆ ತಂದು ಮೊನೆಗೆ ಮೊನೆ ತಾಗುತ್ತದೆಯೇ ನೋಡಬೇಕು. ನಮ್ಮದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿತ್ತು. ಬಿಚ್ಚಿ ನೋಡಿದರೆ ಹಳಿಯ ಮೇಲೆ ಮರದ ಪುಡಿ ಗಟ್ಟಿಯಾಗಿ ಕೂತಿತ್ತು. ಒರೆಸಿದೆವು, ಸರಿಯಾಯಿತು.

ಬೈರಿಗೆಯ ಚಕ್ಕಿನ ಹಿಂಬದಿ ಓರೆ ಮೊಳೆಯಂತಿದ್ದು ಸ್ಟಾಕ್‌ನ ತೂತಿಗೆ ಕಚ್ಚಿಕೊಳ್ಳುತ್ತದೆ. ಇದನ್ನು ಮೋರ್ಸ್ ಟೇಪರ್ ಎನ್ನುತ್ತಾರೆ. ಅಮೆರಿಕದ ಸ್ಟೀಫನ್ ಮೋರ್ಸ್ 1860ರ ದಶಕದಲ್ಲಿ ರೂಪಿಸಿದ್ದು ಇದು. ಸುಮಾರು 20ಕ್ಕೆ 1ರಷ್ಟೇ ಓರೆ, ಅದಕ್ಕೇ ಇಷ್ಟು ಬಿಗಿ. ಒಂದು ಕಡೆ ಎಚ್ಚರ ಬೇಕು. ಮುಂದಕ್ಕೆ ಒತ್ತುವಾಗ ಅದು ಬಿಗಿಯಾಗುತ್ತದೆ, ಹಿಂದಕ್ಕೆ ಎಳೆಯುವಾಗ ಸಡಿಲವಾಗಬಹುದು. ಬೈರಿಗೆಯನ್ನು ಹಿಂದಕ್ಕೆ ತರುವಾಗ ಎಡಗೈಯಿಂದ ಚಕ್ಕನ್ನು ಹಿಡಿದುಕೊಂಡಿರಬೇಕು. ಇಲ್ಲವಾದರೆ ತಿರುಗುವ ಮರದೊಂದಿಗೆ ಅದೂ ಸುತ್ತತೊಡಗೀತು.

ನೇರ 7 ಮಿ.ಮೀ. ಬೈರಿಗೆ ಹಾಕುವುದೇ ನಾವು ಮಾಡಿದ ತಪ್ಪು. ಉದ್ದ ಬೈರಿಗೆಯ ತುದಿ ಬಳುಕುತ್ತದೆ, ಮೊದಲ ಕ್ಷಣದಲ್ಲಿ ಅತ್ತಿತ್ತ ಕುಣಿದು ಬಾಯಿಯನ್ನು ಅಗಲ ಮಾಡುತ್ತದೆ. ಮೊದಲು ಗಿಡ್ಡನೆಯ, ಗಟ್ಟಿಯಾದ ಸೆಂಟರ್ ಡ್ರಿಲ್‌ನಿಂದ ಒಂದು ಸಣ್ಣ ಗುಳಿ ಮಾಡಿ. ಆಮೇಲೆ ಹರಿತವಾದ 7 ಮಿ.ಮೀ. ಬೈರಿಗೆಯನ್ನು ಆ ಗುಳಿಗೆ ಮೆತ್ತಗೆ ತಾಗಿಸಿ. ವೇಗ ನಿಮಿಷಕ್ಕೆ 500 ಸುತ್ತಿನ ಆಸುಪಾಸು ಸಾಕು. ಪ್ರತಿ 10 ಮಿ.ಮೀ.ಗೆ ಬೈರಿಗೆಯನ್ನು ಹೊರತೆಗೆದು ಪುಡಿಯನ್ನು ಖಾಲಿ ಮಾಡಿ. ತುಂಬಿದ ಪುಡಿ ಬಿಸಿಯಾಗುತ್ತದೆ, ಬಿಸಿಗೆ ಮರ ಬಿರಿಯುತ್ತದೆ, ಬೈರಿಗೆಯೂ ದಾರಿ ತಪ್ಪುತ್ತದೆ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ತಣ್ಣಗಾಗಲು ಬಿಡಿ.

ಸಣ್ಣ ಲೇತ್‌ಗಳ ಹಿಂಬದಿ ಸ್ಟಾಕ್ ಒಂದೇ ಸಲಕ್ಕೆ ಸುಮಾರು 50ರಿಂದ 60 ಮಿ.ಮೀ. ಮಾತ್ರ ಮುಂದೆ ಬರುತ್ತದೆ. ಸಾಲದಿದ್ದರೆ ಯಂತ್ರವನ್ನು ನಿಲ್ಲಿಸಿ, ಬೈರಿಗೆ ತೂತಿನೊಳಗೇ ಇರುವಂತೆ ಕೈಚಕ್ರವನ್ನು ಹಿಂದಕ್ಕೆ ತಿರುಗಿಸುತ್ತಾ ಸ್ಟಾಕನ್ನು ಮುಂದಕ್ಕೆ ಸರಿಸಿ, ಮತ್ತೆ ಬಿಗಿಮಾಡಿ ಮುಂದುವರಿಸಬೇಕು.

ಕೊನೆಯ ಗುಟ್ಟು ಸೀಳದಂತೆ ಮಾಡುವುದು. ಇದಕ್ಕೆ ಉಪಾಯ ಸುಲಭ: ಪೂರ್ತಿ ತೂತು ಕೊರೆಯಲೇಬೇಡಿ. ಕೊಳವೆಯ ಉದ್ದಕ್ಕಿಂತ ತುಸು ಆಳಕ್ಕೆ ಬೈರಿಗೆಗೆ ಟೇಪಿನ ಗುರುತು ಸುತ್ತಿ, ಅಲ್ಲಿಗೆ ನಿಲ್ಲಿಸಿ. ಉಳಿದ ಮುಚ್ಚಿದ ತುದಿಯನ್ನು ಗರಗಸದಿಂದ ಕೊಯ್ದರೆ ತೂತು ತಾನಾಗಿ ತೆರೆಯುತ್ತದೆ. ಹೆಚ್ಚಿಗೆ ಬಿಟ್ಟ 6 ಮಿ.ಮೀ. ಇದಕ್ಕೇ.

ಅಂಟಿಸುವ ಮೊದಲು ಕೊಳವೆಯನ್ನು ಮರಳು ಕಾಗದದಿಂದ ತಿಕ್ಕಿ ಒರಟು ಮಾಡಿ. ಅಂಟು ಒಳಗೆ ಹೋಗದಂತೆ ಬಾಯಿಗೆ ಮೇಣ ಇಡಿ, ಇಲ್ಲವೇ ಹಸಿ ಬಟಾಟೆಯ ಬಿಲ್ಲೆಗೆ ಒತ್ತಿ. ಎರಡು ಭಾಗ ಕಲಸುವ ಎಪಾಕ್ಸಿ ಅಂಟು ಒಳ್ಳೆಯದು, ತಿರುಗಿಸುತ್ತಾ ಒಳಗೆ ತಳ್ಳಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಮರೆಯಬೇಡಿ. ತೋಳು ಮಡಚಿ, ಉದ್ದ ಕೂದಲು ಕಟ್ಟಿಕೊಳ್ಳಿ. ಮಕ್ಕಳು ನೋಡಲಿ, ಆದರೆ ಒಂದು ಮಾರು ದೂರದಿಂದ.

ಉಳಿದ ಐದನ್ನು ನಾವು ಐದು ಸಂಜೆ ಮಾಡಿದೆವು, ದಿನಕ್ಕೆ ಒಂದರಂತೆ. ನಮ್ಮಲ್ಲಿ ಒಬ್ಬರು ಕೊರೆಯುವವರು, ಒಬ್ಬರು ಆಳ ಅಳೆದು "ಸಾಕು" ಎನ್ನುವವರು. ಆ "ಸಾಕು" ಕೇಳದೆ ಯಾರೂ ಕೈಚಕ್ರ ತಿರುಗಿಸಬಾರದೆಂದು ಮಾತಾಗಿತ್ತು. ಐದೂ ಉಳಿದವು. ಹೊರಗೆ ಹೊಗೆ ಹಿಡಿದು ಕಪ್ಪಾಗಿದ್ದ ಹಲಸು ಒಳಗೆ ಹೊಂಬಣ್ಣವಾಗಿತ್ತು.

ನಾಲ್ಕನ್ನು ಕೈಯಲ್ಲೇ ಕೊಟ್ಟೆವು. ದೊಡ್ಡಣ್ಣನದನ್ನು ಅಂಚೆಯಲ್ಲಿ ಕಳುಹಿಸಿದೆವು, ಯಾವ ಮರ ಎಂದು ಬರೆಯಲಿಲ್ಲ. ಹತ್ತು ದಿನಕ್ಕೆ ಫೋನ್ ಬಂತು.

"ಇದು ಅಡುಗೆಮನೆಯ ಕಿಟಕಿಯದ್ದಾ?"

ಹೌದು ಎಂದೆವು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ.

"ಅಮ್ಮ ಅಲ್ಲಿ ನಿಂತು ನನ್ನನ್ನು ಕರೆಯುತ್ತಿದ್ದರು" ಎಂದರು. ಆಮೇಲೆ, "ಬರುವ ತಿಂಗಳು ಬರ್ತೇನೆ. ಆ ಯಂತ್ರ ನನಗೂ ಒಮ್ಮೆ ತೋರಿಸಿ" ಎಂದರು.

ಅವರಿಗಾಗಿ ಬೇಡದ ಮರದ ಆರು ತುಂಡುಗಳನ್ನು ಕೊಯ್ದು ಇಟ್ಟಿದ್ದೇವೆ. ಮೊದಲನೆಯದು ಹಾಳಾಗುತ್ತದೆ, ಅದಕ್ಕೆ ಚಿಂತೆಯಿಲ್ಲ.