ಕೆರೆಯ ವಿಸ್ತೀರ್ಣವೂ ಅಂತರ್ಜಲದ ಲೆಕ್ಕವೂ

ಉಪಗ್ರಹಕ್ಕೆ ಕಾಣುವುದು ಕೆರೆಯ ಮೇಲ್ಮೈ ಮಾತ್ರ. ಅವಕೆಂಪು ಕಿರಣಗಳನ್ನು ನೀರು ಹೀರಿಕೊಳ್ಳುವುದರಿಂದ ಚಿತ್ರದಲ್ಲಿ ಅದು ಕಪ್ಪಾಗಿ, ಸುತ್ತಲಿನ ಬೆಳೆ ಬೆಳ್ಳಗೆ ಮೂಡುತ್ತದೆ. ಅಹಮದಾಬಾದಿನಲ್ಲಿರುವ ಇಸ್ರೋದ ಬಾಹ್ಯಾಕಾಶ ಅನ್ವಯಿಕ ಕೇಂದ್ರ 2006–07ರ ಉಪಗ್ರಹ ಚಿತ್ರಗಳಿಂದ ದೇಶದ ಕೆರೆ, ಜೌಗುಗಳನ್ನೆಲ್ಲ ಗುರುತಿಸಿ 2011ರಲ್ಲಿ ನಕ್ಷೆಸಂಪುಟ ಹೊರತಂದಿತು. ಮಳೆಗಾಲ ಕಳೆದ ಮೇಲೆ ನೀರು ಎಷ್ಟು ಹರಡಿತ್ತು, ಮಳೆಗೆ ಮುಂಚೆ ಎಷ್ಟು ಉಳಿದಿತ್ತು ಎಂಬ ಎರಡೂ ಅಳತೆಗಳು ಅದರಲ್ಲಿವೆ.

ಕೆರೆ ತುಂಬಿದೆಯೆಂದರೆ ನೆಲದೊಳಗೂ ನೀರಿದೆ ಎಂದು ನಂಬುವುದು ರೂಢಿ. ಅಹಮದಾಬಾದಿನ ಮಟ್ಟಿಗೆ ಈ ನಂಬಿಕೆ ಅಪಾಯಕಾರಿ. ನಗರದಡಿ ಇರುವುದು ನದಿಗಳು ತಂದು ಹಾಸಿದ ದಪ್ಪ ಮೆಕ್ಕಲು. ಅದರಲ್ಲಿ ಮರಳಿನ ಪದರಗಳ ನಡುನಡುವೆ ಜೇಡಿಯ ಪದರಗಳಿವೆ. ಕೊಳವೆಬಾವಿಗಳು ಎತ್ತುವುದು ಆಳದ ಮರಳಿನ ನೀರನ್ನು. ಕೆರೆಯಿಂದ ಇಂಗಿದ್ದು ಜೇಡಿಯನ್ನು ದಾಟಿ ಅಲ್ಲಿಗೆ ಇಳಿಯಲು ಬಹುಕಾಲ ಬೇಕು. ಸಾಲದ್ದಕ್ಕೆ ಇಲ್ಲಿನ ಕೆಲವು ಕೆರೆಗಳಿಗೆ ನರ್ಮದೆಯ ನೀರು ಹರಿಸುತ್ತಾರೆ. ಹೊರಗಿನ ನೀರಿನಿಂದ ತುಂಬಿದ ಕೆರೆ ಆ ಊರಿನ ಮಳೆಯ ಬಗೆಗಾಗಲಿ, ಬಾವಿಯ ಬಗೆಗಾಗಲಿ ಏನನ್ನೂ ಹೇಳಲಾರದು.

ಹಾಗೆಂದು ಚಿತ್ರಗಳು ನಿರುಪಯುಕ್ತವಲ್ಲ. ಕೆರೆ ಎಷ್ಟು ತುಂಬಿತು ಎಂಬುದಕ್ಕಿಂತ ಎಷ್ಟು ಬೇಗ ಬತ್ತಿತು ಎಂಬುದನ್ನು ನೋಡಬೇಕು. ಡಿಸೆಂಬರಿನಿಂದ ಮೇವರೆಗೆ ಗುಜರಾತಿನ ಬಯಲಿನಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಆಗ ಕುಗ್ಗುವ ವಿಸ್ತೀರ್ಣಕ್ಕೆ ಕೆರೆಯಂಗಳದ ಆಳದ ಅಳತೆ ಜೋಡಿಸಿದರೆ ಕಳೆದುಹೋದ ನೀರಿನ ಗಾತ್ರ ಸಿಗುತ್ತದೆ. ಆವಿಯಾದದ್ದನ್ನೂ ಜನ ಎತ್ತಿಕೊಂಡದ್ದನ್ನೂ ಅದರಿಂದ ಕಳೆದರೆ ಉಳಿಯುವುದು ಇಂಗಿದ ನೀರು. ವಡೋದರಕ್ಕೆ ಕುಡಿಯುವ ನೀರು ಕೊಡುವ ಆಜ್ವಾ ಜಲಾಶಯದಲ್ಲಿ ಎತ್ತಿದ ನೀರಿನ ಲೆಕ್ಕ ಬಿಟ್ಟರೆ ಉತ್ತರವೇ ತಪ್ಪುತ್ತದೆ. ಹೂಳು ತುಂಬಿದ ಕೆರೆ ತಳದಲ್ಲಿ ಬಿಗಿಯಾಗುವುದರಿಂದ, ನೀರು ನಿಂತಿದ್ದರೂ ಇಂಗುವುದು ಅಲ್ಪ.

ನೀರು ಹೆಚ್ಚಾಗಿ ಇಂಗುವ ಮಳೆಗಾಲದಲ್ಲೇ ಮೋಡ ಕವಿದು ಸಾಮಾನ್ಯ ಕ್ಯಾಮೆರಾ ಕುರುಡಾಗುತ್ತದೆ. 2025ರ ಜುಲೈನಲ್ಲಿ ಹಾರಿದ ನಿಸಾರ್ ಉಪಗ್ರಹದ ರೇಡಾರ್ ಮೋಡವನ್ನು ಭೇದಿಸಿ ನೋಡುವುದರಿಂದ ಈ ಕೊರತೆ ತುಂಬಬಲ್ಲದು. ನೀರೆತ್ತಿ ಎತ್ತಿ ನೆಲ ಕುಸಿಯುವುದನ್ನೂ ಅದು ಅಳೆಯುತ್ತದೆ. 2002ರಲ್ಲಿ ಹಾರಿದ ಗ್ರೇಸ್ ಜೋಡಿ ಉಪಗ್ರಹಗಳು ಗುರುತ್ವದ ಏರಿಳಿತದಿಂದ ವಾಯವ್ಯ ಭಾರತದ ಅಂತರ್ಜಲ ಕುಸಿತವನ್ನು ತೋರಿಸಿಕೊಟ್ಟವು. ಆದರೆ ಅವುಗಳ ನೋಟ ನೂರಾರು ಕಿಲೋಮೀಟರ್ ಅಗಲದ್ದು. ಒಂದು ಊರಿನ ಬಾವಿಗೆ ಅದು ಅನ್ವಯಿಸದು.

ಸೂರತ್ತಿನಲ್ಲಿ ತೊಡಕು ಬೇರೆ. ಕಡಲು ಹತ್ತಿರವಿರುವ ಕಡೆ ಅತಿಯಾಗಿ ನೀರೆತ್ತಿದರೆ ಉಪ್ಪುನೀರು ಒಳನುಗ್ಗುತ್ತದೆ. ನೆಲದೊಳಗಿನ ನೀರು ಸಿಹಿಯೋ ಉಪ್ಪೋ ಎಂಬುದನ್ನು ಕೆರೆಯ ಚಿತ್ರ ತಿಳಿಸದು. ಅದಕ್ಕೆ ಬಾವಿಗೆ ಇಳಿಬಿಟ್ಟ ಅಳತೆಪಟ್ಟಿಯೂ ಅಲ್ಲಿಂದ ತೆಗೆದ ನೀರಿನ ಪರೀಕ್ಷೆಯೂ ಬೇಕು.