ಕಪಾಲಿಯ ಬಾಗಿದ ಪರದೆ

ಯಲಹಂಕ, ಹೆಬ್ಬಾಳ, ಯಶವಂತಪುರದ ಕಡೆಯವರು ಒಂದು ಕಾಲಕ್ಕೆ ‘ಸಿನಿಮಾಕ್ಕೆ ಹೋಗಿದ್ದೆವು’ ಎನ್ನುವುದಕ್ಕಿಂತ ‘ಮೆಜೆಸ್ಟಿಕ್‌ಗೆ ಹೋಗಿದ್ದೆವು’ ಎನ್ನುತ್ತಿದ್ದುದೇ ಹೆಚ್ಚು. ಅರ್ಥ ಎರಡೂ ಒಂದೇ. ಆ ಪ್ರದೇಶಕ್ಕೆ ಹೆಸರು ಬಂದದ್ದೇ ಒಂದು ಚಿತ್ರಮಂದಿರದಿಂದ. ಹಳೆಯ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಬಸ್ ನಿಲ್ದಾಣದಲ್ಲಿ ಇಳಿದು ಸುಬೇದಾರ್ ಛತ್ರದ ರಸ್ತೆಗೆ ನಡೆದರೆ ಕಪಾಲಿ ಸಿಗುತ್ತಿತ್ತು. ಸೆಕೆಂಡ್ ಷೋ ನೋಡಿ, ಕೊನೆಯ ಬಸ್ಸನ್ನೂ ತಪ್ಪಿಸಿಕೊಂಡು, ಬೆಳಗಿನವರೆಗೆ ನಿಲ್ದಾಣದ ಬೆಂಚಿನ ಮೇಲೆ ಕುಳಿತವರು ಎಷ್ಟೋ ಮಂದಿ.

1968ರಲ್ಲಿ ಕಪಾಲಿಯನ್ನು ಉದ್ಘಾಟಿಸಿದವರು ಆಗಿನ ಉಪಪ್ರಧಾನಿ ಮೊರಾರ್ಜಿ ದೇಸಾಯಿ. ಸುಮಾರು ಒಂದೂವರೆ ಸಾವಿರ ಜನ ಒಟ್ಟಿಗೆ ಕೂರಬಹುದಾಗಿದ್ದ ಮಂದಿರ ಅದು. ಆದರೆ ಅದರ ಹೆಚ್ಚುಗಾರಿಕೆ ಗಾತ್ರವಲ್ಲ, ಸಿನೆರಾಮಾ ಪರದೆ.

ಸಿನೆರಾಮಾ ಮೊದಲು ತೆರೆ ಕಂಡದ್ದು 1952ರಲ್ಲಿ, ನ್ಯೂಯಾರ್ಕಿನಲ್ಲಿ. ಮೂರು ಪ್ರೊಜೆಕ್ಟರುಗಳು ಒಂದೇ ದೃಶ್ಯದ ಮೂರು ತುಂಡುಗಳನ್ನು ಅಕ್ಕಪಕ್ಕದಲ್ಲಿ ಬಿಡುತ್ತಿದ್ದವು. ಪರದೆ 146 ಡಿಗ್ರಿಯಷ್ಟು ಬಾಗಿತ್ತು. ಏಕೆ? ನಮ್ಮ ಕಣ್ಣು ನೇರ ಎದುರಿನದನ್ನು ಮಾತ್ರ ಸ್ಪಷ್ಟವಾಗಿ ನೋಡುತ್ತದೆ. ಆದರೆ ಚಲನೆಯನ್ನು, ವೇಗವನ್ನು ಓರೆನೋಟದ ಅಂಚಿನಲ್ಲೂ ಹಿಡಿಯುತ್ತದೆ. ಆ ಅಂಚಿನವರೆಗೂ ಚಿತ್ರವನ್ನು ತುಂಬಿದರೆ, ಕುಳಿತವನಿಗೆ ತಾನೇ ಓಡುತ್ತಿರುವ ಭ್ರಮೆ ಹುಟ್ಟುತ್ತದೆ. ಬಾಗಿದ ಪರದೆಗೆ ಒಂದು ತೊಡಕೂ ಇತ್ತು. ಎಡ ಅಂಚಿನ ಬೆಳಕು ಚದುರಿ ಬಲ ಅಂಚಿನ ಮೇಲೆ ಬಿದ್ದು ಅಲ್ಲಿಯ ಚಿತ್ರವನ್ನು ಮಂಕಾಗಿಸುತ್ತಿತ್ತು. ಅದಕ್ಕಾಗಿ ಪರದೆಯನ್ನೇ ಸಾವಿರಕ್ಕೂ ಹೆಚ್ಚು ಉದ್ದುದ್ದ ಪಟ್ಟಿಗಳಾಗಿ ಸೀಳಿ, ಕಿಟಕಿಯ ಜಾಲರಿಯಂತೆ ಓರೆಯಾಗಿ ನಿಲ್ಲಿಸಿದರು! ಮೂರು ಚಿತ್ರಗಳು ಕೂಡುವ ಗೆರೆಗಳು ಮಾತ್ರ ಕೊನೆಗೂ ಮಾಯವಾಗಲಿಲ್ಲ. 1963ರಿಂದ 70 ಎಂ.ಎಂ.ನ ಒಂದೇ ಫಿಲ್ಮಿಗೆ ಸಿನೆರಾಮಾ ಹೆಸರು ಅಂಟಿಕೊಂಡಿತು. ಕಪಾಲಿ ಹುಟ್ಟಿದ್ದು ಇದಾದ ಮೇಲೆ.

ಕಣ್ಣಿನ ಕತೆ ಇಷ್ಟಾದರೆ ಕಿವಿಯದು ಇನ್ನೂ ಸೂಕ್ಷ್ಮ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಪರದೆಯಿಂದ 34 ಮೀಟರು ಹಿಂದೆ ಕುಳಿತವನಿಗೆ ನಾಯಕನ ತುಟಿ ಅಲುಗಿದ ಹತ್ತನೆಯ ಒಂದು ಸೆಕೆಂಡಿನ ನಂತರ ಮಾತು ತಲುಪುತ್ತದೆ. ಅಷ್ಟರಲ್ಲಿ ಎರಡಕ್ಕಿಂತ ಹೆಚ್ಚು ಚೌಕಟ್ಟು ಫಿಲ್ಮು ಓಡಿರುತ್ತದೆ. ಜತೆಗೆ ಗೋಡೆಗಳಿಂದ ಮರಳುವ ದನಿ ಬೇರೆ. ಈ ಅನುರಣನವನ್ನು ಮೊದಲು ಅಳೆದವರು ಹಾರ್ವರ್ಡಿನ ಭೌತವಿಜ್ಞಾನಿ ವ್ಯಾಲೇಸ್ ಸಾಬೀನ್. 1895ರ ಸುಮಾರಿಗೆ ಅವರು ರಾತ್ರಿಯ ಹೊತ್ತು ಪಕ್ಕದ ರಂಗಮಂದಿರದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು ಸಭಾಂಗಣದಲ್ಲಿ ಹಾಸಿ, ದನಿ ಎಷ್ಟು ಬೇಗ ಆರುತ್ತದೆ ಎಂದು ಲೆಕ್ಕ ಹಾಕಿದರು. ಮೆತ್ತೆಯಂತೆ ಮನುಷ್ಯರ ಮೈ, ಬಟ್ಟೆಗಳೂ ದನಿಯನ್ನು ಹೀರುತ್ತವೆ. ಹಾಗಾಗಿ ಒಂದೇ ಮಂದಿರ, ಒಂದೇ ಯಂತ್ರವಾದರೂ ಮಾರ್ನಿಂಗ್ ಷೋನ ಖಾಲಿ ಹಾಲಿನಲ್ಲಿ ಮಾತು ಗೊಂಗೊಂ ಎನ್ನುತ್ತದೆ. ಹೌಸ್‌ಫುಲ್ ಆದರೆ ತಿಳಿಯಾಗುತ್ತದೆ. ಹೌಸ್‌ಫುಲ್ ಬೋರ್ಡು ಮಾಲೀಕನಿಗೆ ಮಾತ್ರ ಲಾಭವೆಂದು ತಿಳಿಯಬೇಡಿ.

ಇಂದಿನ ಮಲ್ಟಿಪ್ಲೆಕ್ಸಿನ ಲೆಕ್ಕವೇ ಬೇರೆ. ಅಲ್ಲಿಯ ದೊಡ್ಡ ಚಿಂತೆ, ಪಕ್ಕದ ಪರದೆಯ ಗುಡುಗು ಗೋಡೆ ದಾಟಿ ಈಚೆ ಬರಬಾರದು ಎಂಬುದು. ಕೀರಲು ದನಿಯನ್ನು ತಡೆಯುವುದು ಸುಲಭ, ಗಡಸು ದನಿಯನ್ನು ತಡೆಯಲು ಭಾರವಾದ ಗೋಡೆಯೇ ಬೇಕು.

1995ರ ‘ಓಂ’ ಕಪಾಲಿಗೆ ಮತ್ತೆ ಮತ್ತೆ ಬಂತು, ಜನರೂ ಮತ್ತೆ ಮತ್ತೆ ಬಂದರು. ಆದರೂ ದಿನಕ್ಕೆ ನಾಲ್ಕು ಆಟಕ್ಕೆ ಸಾವಿರಗಟ್ಟಲೆ ಕುರ್ಚಿ ತುಂಬುವುದು ಎಲ್ಲ ವಾರಗಳಲ್ಲೂ ಸಾಧ್ಯವಿಲ್ಲ. ಕೆಳಗಿನ ನೆಲದ ಬೆಲೆಯಾದರೋ ಏರುತ್ತಲೇ ಇರುತ್ತದೆ. 2017ರಲ್ಲಿ ಆಟ ನಿಂತಿತು, ಕಟ್ಟಡವನ್ನು ಕೆಡವಿದರು. ಮಾಲೀಕರನ್ನು ದೂರಿ ಫಲವಿಲ್ಲ. ಟಿಕೆಟ್ ಕೊಳ್ಳದೆ ಮರುಗಿದವರೇ ಹೆಚ್ಚು.

ಗಾಂಧಿನಗರದಲ್ಲಾಗಲಿ, ಬೇರೆ ಊರುಗಳಲ್ಲಾಗಲಿ ಉಳಿದಿರುವ ಏಕಪರದೆ ಮಂದಿರಗಳಿಗೆ ಕೊನೆಯ ಆಟದ ದಿನ ಹಾರ ಹಾಕುವುದಕ್ಕಿಂತ ಮೊದಲು ಮಾಡಬಹುದಾದ ಕೆಲಸವೊಂದಿದೆ. ಸಾಬೀನರ ಬಳಿ ಇದ್ದದ್ದು ಒಂದು ಆರ್ಗನ್ ಕೊಳವೆ, ಒಂದು ಸ್ಟಾಪ್‌ವಾಚು. ಇಂದು ಒಂದು ಬಲೂನು, ಒಂದು ಮೊಬೈಲು ಸಾಕು. ಖಾಲಿ ಹಾಲಿನ ನಡುವೆ ಬಲೂನು ಒಡೆದು, ದನಿ ಆರುವವರೆಗೆ ಮುದ್ರಿಸಿಕೊಂಡು, ಟೇಪು ಹಿಡಿದು ಪರದೆಯ ಬಾಗನ್ನೂ ನೆಲದ ಇಳಿಜಾರನ್ನೂ ಬರೆದಿಟ್ಟುಕೊಳ್ಳಬೇಕು. ಕಾಲೇಜು ಹುಡುಗರಿಗೆ ಅದು ಒಂದು ಮಧ್ಯಾಹ್ನದ ಕೆಲಸ.